ಹಳದಿಯನ್ನು ಹಸಿರಿನ ಕಡೆಗೆ ಎಳೆದದ್ದು

ನನ್ನ ಫೋನಿನ ಗ್ಯಾಲರಿಯನ್ನು ಅಪರಿಚಿತರು ಯಾರಾದರೂ ತೆರೆದು ನೋಡಿದರೆ ಈ ಹೆಂಗಸಿಗೆ ಏನೋ ಆಗಿದೆ ಎಂದುಕೊಳ್ಳುವುದು ಖಂಡಿತ. ಬೆರಳಿನಿಂದ ಎಷ್ಟು ಸರಿಸಿದರೂ ಮತ್ತೆ ಮತ್ತೆ ಬರುವುದು ಎರಡೇ ವಸ್ತು. ಒಂದು, ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್. ಇನ್ನೊಂದು, ಮುಂಬಾಗಿಲಿಗೆ ಹಾಕಿದ ಬೀಗ. ಸೋಮವಾರದ ಬೀಗ, ಮಂಗಳವಾರದ ಬೀಗ, ಬುಧವಾರದ ಬೀಗ. ನೋಡುವವರಿಗೆ ಎಲ್ಲ ಒಂದೇ. ನನಗೆ ಮಾತ್ರ ಒಂದೊಂದೂ ಬೇರೆ, ಯಾಕೆಂದರೆ ನಿನ್ನೆ ಹಾಕಿದ ಬೀಗದಿಂದ ಇವತ್ತಿನ ದಿಗಿಲು ಹೋಗುವುದಿಲ್ಲ.

ನನ್ನದು ಹಾಸನದಲ್ಲಿ ಒಬ್ಬಳೇ ಇರುವ ಮನೆ, ಹೊಳೆನರಸೀಪುರದಲ್ಲಿ ಆಫೀಸು, ನಡುವೆ ಬಸ್ಸು. ಬೆಳಿಗ್ಗೆ ಬಸ್ಸು ಊರು ದಾಟಿ, ಆಧಾರ್ ಕಾರ್ಡ್ ತೋರಿಸಿ ಟಿಕೆಟ್ ತೆಗೆದುಕೊಂಡು, ಇನ್ನೇನು ಕಣ್ಣು ಮುಚ್ಚಬೇಕು ಎನ್ನುವಾಗ ಸರಿಯಾಗಿ ಪ್ರಶ್ನೆ ಏಳುತ್ತದೆ: ಗ್ಯಾಸ್ ಆಫ್ ಮಾಡಿದೆನಾ? ಒಂದು ಸಲವಂತೂ ತಡೆಯಲಾರದೆ ಅರ್ಧದಾರಿಯಲ್ಲಿ ಇಳಿದು, ಎದುರು ಬಂದ ಬಸ್ಸು ಹತ್ತಿ ಮನೆಗೆ ವಾಪಸು ಬಂದೆ. ಆಫ್ ಆಗಿತ್ತು. ಸಮಾಧಾನದಿಂದ ಮತ್ತೆ ಬಸ್ಸು ಹತ್ತಿದೆ. ಮತ್ತದೇ ಜಾಗಕ್ಕೆ ಬರುವಾಗ, ಈ ಗಡಿಬಿಡಿಯಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂದು ಶುರುವಾಯಿತು. ಅವತ್ತು ಅರ್ಧ ದಿನದ ರಜೆ ಬರೆದುಕೊಟ್ಟದ್ದಕ್ಕೆ ಕಾರಣ 'ಅನಾರೋಗ್ಯ' ಎಂದು ಹಾಕಿದ್ದೆ. ಸುಳ್ಳೇನೂ ಅಲ್ಲ ನೋಡಿ.

ಪಕ್ಕದ ಮೇಜಿನ ಶಾರದಮ್ಮನೇ ಉಪಾಯ ಹೇಳಿದವರು. "ಒಂದ್ ಫೋಟ ತಗ್ದು ಮಡೀಕಳಿ ಮೇಡಂ. ದಿಗ್ಲಾದಾಗ ತಗ್ದು ನೋಡ್ಕಂಡ್ರೆ ಆಯ್ತಪ್ಪ." ಲೋಕದಲ್ಲಿ ಜನ ಸೂರ್ಯೋದಯ ಕಂಡು, ಮಗುವಿನ ನಗು ಕಂಡು ಫೋಟೊಗ್ರಫಿಗೆ ಬರುತ್ತಾರಂತೆ. ನಾನು ರೆಗ್ಯುಲೇಟರ್ ಕಂಡು ಬಂದೆ.

ಈ ದಿಗಿಲು ನನಗೆ ಅಪ್ಪನಿಂದ ಬಂದ ಪಿತ್ರಾರ್ಜಿತ. ಅರಕಲಗೂಡಿನ ಹತ್ತಿರದ ನಮ್ಮೂರಲ್ಲಿ ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಕೊಯ್ದ ಸೊಪ್ಪನ್ನು ಕೋಲಿಗೆ ಕಟ್ಟಿ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಆ ಎತ್ತರದ ಮನೆಯಲ್ಲಿ, ನೇತುಹಾಕಿ ಕೆಳಗೆ ಬೆಂಕಿ ಕೊಡುತ್ತಿದ್ದರು. ಗೋಡೆಗೆ ಒಂದು ಗಾಜಿನ ಕಿಂಡಿ, ಒಳಗೆ ಥರ್ಮಾಮೀಟರು. ಅಪ್ಪ ಊಟಕ್ಕೆ ಕೂತರೆ ಮುದ್ದೆಯ ಎರಡು ತುತ್ತಿಗೊಮ್ಮೆ ಎದ್ದು ಹೋಗಿ ಕಿಂಡಿಯಲ್ಲಿ ಇಣುಕಿ ಬರುತ್ತಿದ್ದರು. ಶಾಖ ಹೆಚ್ಚಾದರೆ ಸೊಪ್ಪು ಸುಡುತ್ತದೆ, ಕಡಿಮೆಯಾದರೆ ಹಸಿರಾಗಿಯೇ ಉಳಿಯುತ್ತದೆ. ಸೊಪ್ಪು ಹಳದಿಗೆ ತಿರುಗಿತು ಎಂದು ಅಪ್ಪನ ಬಾಯಲ್ಲಿ ಬಂದ ಮೇಲೆಯೇ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು. ಅವ್ವ ಅವತ್ತು ಅಕ್ಕಿ ಪಾಯಸಕ್ಕಿಡುತ್ತಿದ್ದಳು. ಎಲೆ ಹಳದಿಯಾದರೆ ಪಾಯಸ. ಇದು ನಾನು ಅಕ್ಷರ ಕಲಿಯುವ ಮುಂಚೆಯೇ ಕಲಿತ ಪಾಠ. ಜಿರಲೆ, ಗುಡುಗು, ಮೇಲಧಿಕಾರಿ, ಅಪರಿಚಿತ ನಂಬರಿನ ಫೋನು, ಎಲ್ಲಕ್ಕೂ ಹೆದರುವ ನನಗೆ ಹೆದರಿಕೆ ತರದ ಬಣ್ಣ ಅಂತ ಒಂದಿದ್ದರೆ ಅದು ಎಲೆಯ ಹಳದಿ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬೀಗದ ಫೋಟೊ ತೆಗೆದು ತೆಗೆದು ನನಗೆ ಕೈ ಕುದುರಿತು. ಬೀಗದ ಮೇಲೆ ಬೆಳಗಿನ ಬಿಸಿಲು ಬಿದ್ದ ದಿನ ಫೋಟೊ ಚೆನ್ನಾಗಿ ಬಂತು ಎಂದು ಖುಷಿಪಡುವಷ್ಟು ಹುಚ್ಚು ಹಿಡಿಯಿತು. ಕೊನೆಗೆ ಒಂದು ಕ್ಯಾಮೆರಾವನ್ನೇ ಕೊಂಡೆ, ಮೂರು ಕಾಲಿನ ಸ್ಟ್ಯಾಂಡನ್ನೂ ಕೊಂಡೆ, ಚನ್ನರಾಯಪಟ್ಟಣದಲ್ಲಿ ಭಾನುವಾರದ ಪಾಠಕ್ಕೆ ಸೇರಿದೆ. ಹೇಳಿಕೊಡುವವರು ಶಿವಣ್ಣ ಮೇಷ್ಟ್ರು, ನಿವೃತ್ತ ಡ್ರಾಯಿಂಗ್ ಮಾಸ್ತರು. ಅವರಿಗೆ ಹೊಗಳುವುದು ಗೊತ್ತಿಲ್ಲ. ನಾನು ಬಹಳ ಹೆಮ್ಮೆಯಿಂದ ಹೇಮಾವತಿ ಹೊಳೆಯ ಫೋಟೊ ತೋರಿಸಿದಾಗ ಕನ್ನಡಕ ಹಣೆಗೇರಿಸಿ ನೋಡಿದರು. "ಹೊಳೆ ಓರೆ ಆಗೋಗದಲ್ಲಮ್ಮ. ಇಂಗೇ ಬುಟ್ರೆ ನೀರೆಲ್ಲ ಎಡಗಡೀಕೆ ಸುರುದೋಯ್ತದೆ." ಆಮೇಲೆ ಒಂದೊಂದಾಗಿ ಕಲಿಸಿದರು. ಆಕಾಶ ನೆಲ ಸೇರುವ ಗೆರೆ ನೆಟ್ಟಗಿರಬೇಕು. ಆ ಗೆರೆಯನ್ನು ಚಿತ್ರದ ನಟ್ಟನಡುವೆ ಇಡಬಾರದು. ಬಯಲನ್ನು ನಿಂತು ತೆಗೆದರೆ ಬೋಳಾಗಿ ಕಾಣುತ್ತದೆ, ಕುಕ್ಕರಗಾಲಲ್ಲಿ ಕೂತು ಹತ್ತಿರದ ಒಂದು ಕಲ್ಲೋ ಗಿಡವೋ ಸೇರಿಸಿ ತೆಗೆಯಬೇಕು. ಮಧ್ಯಾಹ್ನದ ಬಿಸಿಲಲ್ಲಿ ಕ್ಯಾಮೆರಾ ಎತ್ತಲೇಬಾರದು, ಬೆಳಿಗ್ಗೆ ಸಂಜೆ ಬೆಳಕು ಅಡ್ಡ ಬೀಳುವಾಗ ತೆಗೆಯಬೇಕು.

ಹೀಗೆ ದುದ್ದದ ಕಡೆ ಒಂದು ರಾಗಿ ಹೊಲದ ಬದುವಿನಲ್ಲಿ ಸ್ಟ್ಯಾಂಡು ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾಗ, ನೋಡನೋಡುತ್ತಲೇ ಸುತ್ತ ಏಳೆಂಟು ಜನ ಸೇರಿದರು. ಹಿರಿಯರೊಬ್ಬರು ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಕೇಳಿದರು: "ರಸ್ತೆಗೆ ಎಷ್ಟಡಿ ಓಯ್ತದಮ್ಮ?" ಮೂರು ಕಾಲಿನ ಸ್ಟ್ಯಾಂಡು ಹಿಡಿದು ಹೊಲಕ್ಕೆ ಬಂದವರು ಸರ್ವೆಯವರಲ್ಲದೆ ಇನ್ಯಾರು? ನಾನು ಬರೀ ಫೋಟೊ ತೆಗೆಯಲು ಬಂದವಳು ಎಂದರೂ ನಂಬಲಿಲ್ಲ. ದುರದೃಷ್ಟಕ್ಕೆ, ಯಾವ ಆಫೀಸು ಎಂದು ಕೇಳಿದಾಗ ನಿಜ ಹೇಳಿಬಿಟ್ಟೆ, ಸರ್ವೆ ಶಾಖೆ ಎಂದು. ನನ್ನ ದಿಗಿಲನ್ನು ಅವತ್ತು ಒಂದು ಊರಿಗೇ ಹಂಚಿ ಬಂದೆ.

ಫೋಟೊ ತೆಗೆಯುವುದಾದ ಮೇಲೆ ತಿದ್ದುವ ಪಾಠ. ಫೋನಿನಲ್ಲೇ ಒಂದು ಆ್ಯಪ್ ಹಾಕಿಕೊಟ್ಟರು ಮೇಷ್ಟ್ರು. ಕಪ್ಪಾದ ಕಡೆ ಬೆಳಕು ಎತ್ತುವುದು, ಬಿಳುಚಿದ ಆಕಾಶವನ್ನು ಇಳಿಸುವುದು. ಅದರಲ್ಲೇ ಒಂದೊಂದು ಬಣ್ಣಕ್ಕೂ ಒಂದೊಂದು ಗೆರೆ, ಗೆರೆಯ ಮೇಲೊಂದು ಚುಕ್ಕಿ. "ಪೈರು ಸಪ್ಪಗೆ ಕಂಡ್ರೆ ಹಳದಿ ಗೆರೇಲಿರೋ ಚುಕ್ಕೀನ ಹಸಿರಿನ ಕಡೀಕೆ ಒಂಚೂರು ಎಳೀರಿ. ಗದ್ದೆ ಎದ್ದು ಕುಂತ್ಕತದೆ," ಎಂದರು. ಎಳೆದೆ. ನಿಜವಾಗಿಯೂ ಎದ್ದು ಕೂತಿತು. ಪಾಪ, ಅವರು 'ಒಂಚೂರು' ಎಂದೇ ಹೇಳಿದ್ದರು.

ಅಲ್ಲಿಂದ ನಾನು ತಿದ್ದದೆ ಯಾವುದನ್ನೂ ಯಾರಿಗೂ ಕಳಿಸಿದವಳಲ್ಲ. ನನ್ನ ಮುಖವನ್ನೂ ಸೇರಿಸಿ.

ಮುಖದ ವಿಷಯ ಬಂದಿದ್ದಕ್ಕೆ ಜಯಕ್ಕನ ವಿಷಯ ಹೇಳಬೇಕು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನಗೆ ಅವಳೇ ಅವ್ವ. ನಮ್ಮೂರಿಗೆ ಎರಡು ಮೈಲಿ ದೂರದ ಊರಿಗೆ ಕೊಟ್ಟಿದ್ದು. ಬಾವನೂ ಅವಳೂ ಸೇರಿ ಶುಂಠಿ, ಜೋಳ ಬೆಳೆಯುತ್ತಾರೆ. ಪ್ರತಿ ಭಾನುವಾರ ನನ್ನ ಒಂದು ಫೋಟೊ ಅವಳಿಗೆ ಹೋಗಲೇಬೇಕು. "ಉಂಡೆ, ಮನಿಕಂಡೆ ಅಂತ ಬಾಯಲ್ಲಿ ಯೋಳ್ಬ್ಯಾಡ. ಮೊಕ ತೋರ್ಸು, ನಂಗೆ ಗೊತ್ತಾಯ್ತದೆ," ಎನ್ನುತ್ತಾಳೆ. ರಾತ್ರಿ ನಿದ್ದೆ ಬಾರದೆ ಕಣ್ಣಿನ ಕೆಳಗೆ ಕಪ್ಪಾಗಿದ್ದರೆ ಅವಳು ಸುಮ್ಮನೆ ಯೋಚನೆ ಮಾಡುತ್ತಾಳೆ ಎಂದು ನಾನು ಆ್ಯಪಿನಲ್ಲಿ ಕಪ್ಪನ್ನು ಒರೆಸಿ, ಕೆನ್ನೆಗೆ ಒಂದಿಷ್ಟು ಬೆಳಕು ಕೊಟ್ಟು ಕಳಿಸುತ್ತಿದ್ದೆ. "ಚೆಂದಾಗಿದ್ದೀ ಕಣೇ ಸುಮಿ," ಎಂದು ಉತ್ತರ ಬರುತ್ತಿತ್ತು.

ಜಯಕ್ಕನ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಚಿಕ್ಕಂದಿನಲ್ಲಿ ಸೊಪ್ಪಿನ ಕೋಲು ತಗುಲಿದ್ದು. ಗಂಡಿನ ಕಡೆಯವರಿಗೆ ಕೊಡಲು ಹೊಳೆನರಸೀಪುರದ ಸ್ಟುಡಿಯೋದಲ್ಲಿ ಅವಳ ಫೋಟೊ ತೆಗೆಸಿದಾಗ ಸ್ಟುಡಿಯೋದವರು ತಾವಾಗಿಯೇ ಅದನ್ನು ಪೆನ್ಸಿಲಿನಿಂದ ತೀಡಿ ಅಳಿಸಿದ್ದರು. ಹೆಣ್ಣು ನೋಡಲು ಬಂದ ಬಾವನ ಅವ್ವ ಕೈಯಲ್ಲಿ ಫೋಟೊ ಹಿಡಿದು, ಅಕ್ಕನ ಮುಖವನ್ನೂ ಫೋಟೊವನ್ನೂ ಎರಡೆರಡು ಸಲ ನೋಡಿದರು. ಲಂಗ ತೊಟ್ಟು ಬಾಗಿಲ ಮರೆಯಲ್ಲಿ ನಿಂತಿದ್ದ ನಾನೇ ತಡೆಯಲಾರದೆ, "ಸ್ಟುಡಿಯೋದಾಗೆ ಅಳಿಸ್ಬುಟ್ರು ಅಜ್ಜಿ, ಗಾಯ ನಿಜ್ವಾಗ್ಲೂ ಐತೆ," ಎಂದು ಕೂಗಿಬಿಟ್ಟೆ. ಅಪ್ಪನ ಮುಖ ಬಿಳುಚಿತು. ಬಾವ ಮಾತ್ರ ನಕ್ಕರು. ಆಗ ನಿಜ ಹೇಳದಿದ್ದರೆ ಏನಾಗಿಬಿಡುತ್ತದೋ ಎಂಬ ದಿಗಿಲು ನನಗೆ. ದೊಡ್ಡವಳಾದ ಮೇಲೆ ದಿಗಿಲು ಅಷ್ಟೇ ಇದೆ, ಹೇಳುವ ಬಾಯಿ ಮಾತ್ರ ಹೋಗಿದೆ.

ಕಳೆದ ಮಳೆಗಾಲದಲ್ಲಿ ಬಾವ ಟ್ರ್ಯಾಕ್ಟರಿನಿಂದ ಇಳಿಯುವಾಗ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಕ್ಕ ಅಲ್ಲೇ ಉಳಿದಳು. ಬೆಳಿಗ್ಗೆ ಸಂಜೆ ನಾನು ಕ್ಯಾರಿಯರ್ ಹೊತ್ತೆ. ಐದಾರು ದಿನಕ್ಕೆ ಅಕ್ಕನಿಗೆ ಶುಂಠಿಯ ಚಿಂತೆ ಹತ್ತಿತು. ಶುಂಠಿಗೆ ಮಳೆ ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನಿಂತರೆ ಕೊಳೆ ರೋಗ. ಬಾವನನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಬಾ ಎಂದೆ. ಬೆಡ್‌ಪ್ಯಾನ್ ಇಡಲು ನಾದಿನಿ ಎಂದ ಕೂಡಲೇ ಬಾವ ಗೋಡೆಯ ಕಡೆ ಮುಖ ತಿರುಗಿಸಿದರು.

ಅಕ್ಕನೇ ದಾರಿ ಹುಡುಕಿದಳು. "ಭಾನ್ವಾರ ನೀನೆಂಗೂ ಕ್ಯಾಮ್ರ ಇಡ್ಕಂಡು ಸುತ್ತಾಕೋಯ್ತೀಯಲ್ಲ, ನಮ್ ಸುಂಟಿ ಒಲುದ್ದು ಒಂದ್ ಫೋಟ ತಗ್ದು ಕಳ್ಸು. ಎಲೆ ಕಂಡ್ರೆ ಸಾಕು. ಚೆನ್ನಾಗಿದ್ರೆ ಇಲ್ಲೇ ಇರ್ತೀನಿ. ಕೆಟ್ಟಿದ್ರೆ ಒಂದಿನ ಎಂಗಾರ ಮಾಡಿ ಓಗ್ಬತ್ತೀನಿ."

ನೋಡಿ, ನನ್ನ ಇಷ್ಟು ವರ್ಷದ ಕಲಿಕೆಗೆ ಮೊದಲ ಸಲ ಒಂದು ಉಪಯೋಗ ಬಂದಿತ್ತು. ನಸುಕಿನ ಬಸ್ಸಿಗೇ ಹೋದೆ. ಮಳೆ ಬಿಟ್ಟಿತ್ತು. ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತೆ, ಗೆರೆ ನೆಟ್ಟಗೆ ಮಾಡಿದೆ, ಮುಂದೆ ಒಂದು ಕಲ್ಲು ಸೇರಿಸಿದೆ. ಮಡಿಗಳ ಸಾಲು ದೂರಕ್ಕೆ ಓಡುತ್ತಿತ್ತು. ಬಲಗಡೆಯ ಮೂಲೆಯಲ್ಲಿ ಎಲೆಗಳ ತುದಿ ಹಳದಿಗೆ ತಿರುಗಿದ್ದು ನನಗೆ ಕಾಣಲಿಲ್ಲವೇ? ಕಂಡಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಂಡಿತು, ಆದರೆ ಎದೆ ಹೊಡೆದುಕೊಳ್ಳಲಿಲ್ಲ. ಬ್ಯಾರನ್ನಿನ ಮನೆಯಲ್ಲಿ ಹುಟ್ಟಿದ ನನ್ನ ಕಣ್ಣಿಗೆ ಎಲೆಯ ಹಳದಿ ಎಂದರೆ ಹದ. ಅಡ್ಡ ಬಿಸಿಲು ಬಿದ್ದು ಹಾಗೆ ಕಾಣುತ್ತಿದೆ ಎಂದುಕೊಂಡೆ. ಬಸ್ಸಿನಲ್ಲಿ ಕೂತು ಫೋಟೊವನ್ನು ಫೋನಿಗೆ ಇಳಿಸಿಕೊಂಡು ನೋಡಿದರೆ ಒಂದು ಕಡೆ ಸಪ್ಪೆ. ಹಳದಿಯ ಚುಕ್ಕಿಯನ್ನು ಹಸಿರಿನ ಕಡೆಗೆ ಎಳೆದೆ. ಇನ್ನೊಂದು ಸ್ವಲ್ಪ ಎಳೆದೆ. ಹೊಲ ಎದ್ದು ಕೂತಿತು. ಅಕ್ಕನಿಗೆ ಕಳಿಸಿದೆ, ಮೇಷ್ಟ್ರ ಪಾಠದವರ ವಾಟ್ಸಾಪ್ ಗುಂಪಿಗೂ ಕಳಿಸಿದೆ.

ಗುಂಪಿನಲ್ಲಿ ಹದಿನೇಳು ಹೆಬ್ಬೆರಳು ಬಂದವು. ಸಂಜೆ ಊಟ ತೆಗೆದುಕೊಂಡು ಹೋದಾಗ ಅಕ್ಕ ಫೋನನ್ನು ಪಕ್ಕದ ಹಾಸಿಗೆಯವರಿಗೆಲ್ಲ ತೋರಿಸುತ್ತಿದ್ದಳು. "ನನ್ ತಂಗಿ ತಗ್ದಿರದು. ಎಂಗದೆ ನೋಡಿ ನಮ್ ಸುಂಟಿ, ಗಿಣಿ ಇದ್ದಂಗದೆ." ಅವತ್ತು ಅವಳು ಹೊಟ್ಟೆ ತುಂಬ ಉಂಡಳು. ಇನ್ನೂ ಒಂಬತ್ತು ದಿನ ನಿಶ್ಚಿಂತೆಯಾಗಿ ಆಸ್ಪತ್ರೆಯಲ್ಲೇ ಇದ್ದಳು. ಮಳೆಯೂ ಬಿಡಲಿಲ್ಲ.

ಬಾವನನ್ನು ಕರೆದುಕೊಂಡು ಊರಿಗೆ ಹೋದ ಮಾರನೆಯ ದಿನ ಅವಳ ಫೋನು ಬಂತು. ನಾನು ಆಫೀಸಿನಲ್ಲಿದ್ದೆ. "ಸುಮಿ, ಬಲಗಡೆ ಅಷ್ಟೂ ಕೊಳ್ತೋಗದೆ ಕಣೇ. ಕಿತ್ರೆ ನೀರ್ ನೀರು, ಗಬ್ಬು ನಾತ. ನೀನು ತಗ್ದಾಗ ಅಸ್ರಾಗೇ ಇತ್ತಲ್ವಾ? ಒಂಬತ್ತು ದಿನುಕ್ಕೆ ಇಂಗಾಯ್ತದಾ?"

"ಆಗ್ತದೇನೋ ಅಕ್ಕ," ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು.

ಫೋನಿಟ್ಟು ಮೂಲ ಫೋಟೊ ತೆಗೆದು ನೋಡಿದೆ. ಬಲಗಡೆಯ ಮೂಲೆ, ಹಳದಿ; ಹೊಗೆಸೊಪ್ಪಿಗೆ ಹದ, ಶುಂಠಿಗೆ ಕೊಳೆಯ ಮೊದಲ ಗುರುತು. ತಿದ್ದಿದ್ದನ್ನು ನೋಡಿದೆ. ಹಸಿರು. ಆ ವಾರವೆಲ್ಲ ನಾನು ಬಸ್ಸಿನಲ್ಲಿ ರೆಗ್ಯುಲೇಟರ್ ನೆನೆಯಲೇ ಇಲ್ಲ ಎಂದರೆ ನೀವು ನಂಬಬೇಕು. ಹೊಸ ದಿಗಿಲು ಹಳೆಯದನ್ನೆಲ್ಲ ಆಚೆಗೆ ಹಾಕಿ ತಾನೇ ಒಕ್ಕಲಾಗಿತ್ತು. ಹೇಳದಿದ್ದರೆ ಅಕ್ಕನಿಗೆ ಎಂದಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಅವಳು ನನ್ನನ್ನು ಇನ್ನು ಯಾವ ವಿಷಯದಲ್ಲೂ ನಂಬುವುದಿಲ್ಲ. ಅವಳೊಬ್ಬಳು ನಂಬದೆ ಹೋದರೆ ನನಗೆ ಇನ್ಯಾರಿದ್ದಾರೆ? ಮೂಲ ಫೋಟೊ ಅಳಿಸಿಬಿಡೋಣ ಎಂದು ಎರಡು ಸಲ ಬೆರಳು ಇಟ್ಟೆ. ಬೀಗದ ಫೋಟೊವನ್ನೂ ಅಳಿಸದ ನನಗೆ ಅದು ಆಗಲಿಲ್ಲ. ಆಗ ಹೊಳೆಯಿತು, ಅಷ್ಟು ಫೋಟೊಗಳಲ್ಲಿ ನಾನು ಒಂದೇ ಒಂದು ರೆಗ್ಯುಲೇಟರನ್ನೂ ತಿದ್ದಿರಲಿಲ್ಲ. ಆನ್ ಆಗಿದ್ದರೆ ಆನ್ ಎಂದು ಕಾಣಲಿ ಎಂದೇ ಅಲ್ಲವೇ ಅದನ್ನು ತೆಗೆಯುತ್ತಿದ್ದದ್ದು?

ಶನಿವಾರ ಅರ್ಧ ದಿನ ರಜೆ ಹಾಕಿ ಹೋದೆ. ಬಾವ ನಡುಮನೆಯ ಮಂಚದಲ್ಲಿ ಕಾಲು ಚಾಚಿ ಮಲಗಿದ್ದರು. ಅವರ ಎಕ್ಸ್‌ರೇ ಕವರು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅಕ್ಕ ಕೆಸರುಗಾಲಲ್ಲಿ ಹೊಲದಿಂದ ಬಂದಳು. ಕೆಳಬದಿಯಲ್ಲಿ ನೀರು ಹೋಗಲು ಕಾಲುವೆ ತೆಗೆದು ತೆಗೆದು ಸಾಕಾಗಿತ್ತು. ಆದರೂ ಕೊಳೆ ದಿನಕ್ಕೊಂದು ಮಡಿ ಮುಂದೆ ಬರುತ್ತಲೇ ಇತ್ತು. ನಾನು ಕಾಫಿಯನ್ನೂ ಮುಟ್ಟದೆ ಹೇಳಿದೆ. ಹಳದಿ ಇತ್ತು ಅಕ್ಕ, ನಾನು ಹಸಿರು ಮಾಡಿದೆ ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಎರಡು ಫೋಟೊಗಳನ್ನೂ ಒಂದಾದ ಮೇಲೊಂದು ತೋರಿಸಿದೆ. ಆಗ ಅರ್ಥವಾಯಿತು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದು ಹೋಗಿ ಮೊಳೆಯ ಮೇಲಿದ್ದ ಕವರಿನಿಂದ ಎಕ್ಸ್‌ರೇ ತೆಗೆದು ಬಾಗಿಲ ಬೆಳಕಿಗೆ ಹಿಡಿದಳು.

"ಇದೂ ಒಂದು ಫೋಟನೇ ಕಣೇ ಸುಮಿ. ಮೂಳೆ ಮುರುದಿರದು ಚೆಂದ ಕಾಣಾಕಿಲ್ಲ ಅಂತ ಆ ಡಾಕ್ಟ್ರು ನಿನ್ನಂಗೇ ತಿದ್ದಿದ್ರೆ, ನಿಮ್ ಬಾವ ಇವತ್ತು ಎಂಗಿರ್ತಿದ್ರು?"

ಬಾವ ಮಂಚದಿಂದ, "ಓಗ್ಲಿ ಬುಡೇ, ಮಗ ಅಳ್ತಾದೆ," ಎಂದರು. ನಲವತ್ತೈದು ದಾಟಿದ ನಾನು ಆ ಮನೆಯಲ್ಲಿ ಇನ್ನೂ ಮಗು. ನಿಜಕ್ಕೂ ಅಳುತ್ತಿದ್ದೆ.

"ಲಂಗ ಆಕ್ಕಂಡಿದ್ದಾಗ ಇದ್ದ ಬುದ್ಧಿ ಈಗೆಲ್ಲೋಯ್ತು ನಿಂಗೆ?" ಎಂದು ಅಕ್ಕ ಕೈ ಒರೆಸಿಕೊಂಡು ನನ್ನ ಫೋನು ಕಿತ್ತುಕೊಂಡಳು. ಮೂಲ ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿದಳು. ತುಂಬ ಹೊತ್ತು ನೋಡಿದಳು. ಶಿವಣ್ಣ ಮೇಷ್ಟ್ರು ಕೂಡ ನನ್ನ ಯಾವ ಫೋಟೊವನ್ನೂ ಅಷ್ಟು ಹೊತ್ತು ನೋಡಿದವರಲ್ಲ. "ಇಲ್ ನೋಡು. ಅರಸ್ನ ಬಣ್ಣ ಮೇಲ್ಗಡೆ ಬದೀನಿಂದ ಇಳ್ದು ಬಂದೈತೆ, ಗೆರೆ ಎಳುದಂಗೆ. ಕೆಳುಗ್ಲಿಂದಲ್ಲ. ಮೇಲಿನ್ ಮೋರಿ ಕಟ್ಕಂಡಿರ್ಬೇಕು, ನೀರು ನಮ್ ಒಲುಕ್ಕೆ ಒಸುರ್ತಾ ಐತೆ. ಸುಮ್ಕೆ ನಾನು ಕೆಳುಗ್ಲ ಬದೀಲಿ ಅಗೀತಾ ಕುಂತಿದ್ದೀನಿ." ಈಗ ಕೊಳೆತ ಕಡೆಯೆಲ್ಲ ಒಂದೇ ಕಂದು ಬಣ್ಣ, ಶುರುವಾದದ್ದು ಎಲ್ಲಿ ಎಂದು ತಿಳಿಯುವಂತಿರಲಿಲ್ಲ. ಆ ಹಳದಿ ಗೆರೆ ಇದ್ದದ್ದು ನಾನು ಯಾರಿಗೂ ತೋರಿಸದ ಆ ಫೋಟೊದಲ್ಲಿ ಮಾತ್ರ.

ಆ ಸಂಜೆಯೂ ಮಾರನೆಯ ದಿನವೂ ಇಬ್ಬರೂ ಸೇರಿ ಮೇಲಿನ ಬದಿಯಲ್ಲಿ ಕಾಲುವೆ ತೆಗೆದೆವು. ಗುದ್ದಲಿ ಹಿಡಿದ ನನ್ನ ಅಂಗೈಯಲ್ಲಿ ಬೊಬ್ಬೆ ಬಂದು ಸೋಮವಾರ ಆಫೀಸಿನಲ್ಲಿ ಪೆನ್ನು ಹಿಡಿಯಲಾಗಲಿಲ್ಲ. ಕೊಳೆತದ್ದು ಹೋಯಿತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊಲ ಉಳಿಯಿತು. ಮೊದಲೇ ಗೊತ್ತಾಗಿದ್ದರೆ ಎಲ್ಲವೂ ಉಳಿಯುತ್ತಿತ್ತು ಎಂದು ಅಕ್ಕ ಒಂದು ಸಲವೂ ಹೇಳಲಿಲ್ಲ. ನಾನು ಮಾತ್ರ ದಿನಕ್ಕೆರಡು ಸಲ ಹೇಳಿಕೊಳ್ಳುತ್ತೇನೆ.

ಆಮೇಲೆ ಕೆಲವು ಭಾನುವಾರ ನಾನು ಅವಳಿಗೆ ಮುಖದ ಫೋಟೊ ಕಳಿಸಲಿಲ್ಲ. ಯಾವ ಮುಖ ಕಳಿಸುವುದು? ಹೊಳೆಯದೋ ಆಕಾಶದ್ದೋ ಕಳಿಸಿದರೆ ಒಂದೇ ಉತ್ತರ: "ತಿದ್ದಿದ್ದಾ, ತಿದ್ದಿಲ್ದಿದ್ದಾ?" ತಮಾಷೆಗೆ ಕೇಳುತ್ತಾಳೆ ಎಂದುಕೊಳ್ಳಲು ಪ್ರಯತ್ನ ಪಟ್ಟೆ.

ಹೋದ ಭಾನುವಾರ ಮಧ್ಯಾಹ್ನ, ಮೇಷ್ಟ್ರು ಕ್ಯಾಮೆರಾ ಎತ್ತಲೇಬಾರದು ಎಂದ ಹೊತ್ತಿನಲ್ಲಿ, ಕಿಟಕಿಯ ಪಕ್ಕ ನಿಂತು ನನ್ನ ಮುಖದ ಒಂದು ಫೋಟೊ ತೆಗೆದೆ. ಆ್ಯಪ್ ತೆರೆಯಲಿಲ್ಲ. ಕಣ್ಣು ಮುಚ್ಚಿಕೊಂಡು ಅಕ್ಕನಿಗೆ ಕಳಿಸಿಬಿಟ್ಟೆ.

ಎರಡು ನಿಮಿಷಕ್ಕೆ ಫೋನು ಬಂತು. ಈ ಸಲ ತಿದ್ದಿದ್ದಾ ಎಂದು ಕೇಳಲಿಲ್ಲ.

"ಏನೇ ಇದು, ಕಣ್ಣು ಇಂಗೆ ಒಳಿಕ್ಕೋಗವೆ? ಯಾವತ್ತಿಂದ ನಿದ್ದೆ ಇಲ್ಲ ನಿಂಗೆ?"

"ಎರಡು ವರ್ಷ ಆಯ್ತೇನೋ ಅಕ್ಕ."

ಅವಳ ಹಿಂದೆ ಹಸು ಕೂಗಿದ್ದು ಕೇಳಿಸಿತು. ಆಮೇಲೆ ತುಂಬ ಮೆತ್ತಗೆ ಹೇಳಿದಳು: "ಎಲ್ಡು ವರ್ಸದಿಂದ ನಂಗೆ ಅಸ್ರೇ ತೋರುಸ್ಕಂಡು ಬಂದಿದ್ದೀಯಲ್ಲೇ."

ಮರುಕ್ಷಣವೇ ಅಕ್ಕನ ದನಿ ಗಟ್ಟಿಯಾಯಿತು.

"ಈಗ್ಲೇ ಬಸ್ ಅತ್ತು. ನಾಕು ದಿನ ರಜ ಆಕು. ಇಲ್ ಬಂದು ಮನಿಕೋ."

ಸಿಕ್ಕಿದ ಎರಡು ಸೀರೆಯನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ. ಅರಕಲಗೂಡಿನ ಬಸ್ಸು ಊರು ದಾಟಿತು, ಟಿಕೆಟ್ ಕೈಗೆ ಬಂತು. ಕಣ್ಣು ಮುಚ್ಚಬೇಕು ಎನ್ನುವಾಗ ನೆನಪಾಯಿತು: ಇವತ್ತು ರೆಗ್ಯುಲೇಟರಿನ ಫೋಟೊ ತೆಗೆದಿಲ್ಲ, ಬೀಗದ್ದೂ ತೆಗೆದಿಲ್ಲ. ಎದೆ ಹೊಡೆದುಕೊಂಡಿತು. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು, ಮೂರು ಜನ ಇಳಿದರು. ನಾನು ಕಿಟಕಿಗೆ ತಲೆ ಕೊಟ್ಟು ಹಾಗೇ ಕೂತಿದ್ದೆ.